ಇಲ್ಲದ ಬಾಲೆ

ಬೆಳಕು ಹರಿಯುವ ಮೊದಲು ರಾಜೀವಿಯ ಮನೆಯಲ್ಲಿ ಮುಗಿಯಬೇಕಾದ ಕೆಲಸಗಳು ಇವು. ಕುಚ್ಚಲಕ್ಕಿ ತೊಳೆದು ಒಲೆಗಿಡುವುದು. ಬೇಯಲು ಹೊತ್ತು ಹಿಡಿಯುವುದರಿಂದ ಅದೇ ಮೊದಲು. ಬಚ್ಚಲಿನ ಒಲೆಗೆ ತೆಂಗಿನ ಸಿಪ್ಪೆ ತುಂಬಿ ಬೆಂಕಿ ಹಿಡಿಸುವುದು. ಹಾಸಿಗೆ ಹಿಡಿದಿರುವ ಅತ್ತೆಯ ಮಗ್ಗುಲು ಬದಲಿಸಿ, ಒದ್ದೆ ಬಟ್ಟೆ ತೆಗೆದು, ಬೆನ್ನು ಒರೆಸಿ, ಪೌಡರ್ ಹಾಕುವುದು. ಆ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯುವುದು. ಗಂಡ ಭೋಜನಿಗೆ ಸಕ್ಕರೆ ಹಾಕದ ಚಹಾ, ಅತ್ತೆಗೆ ಸಕ್ಕರೆ ಹಾಕಿದ್ದು. ತೆಂಗಿನಕಾಯಿ ತುರಿದು ಚಟ್ನಿ ರುಬ್ಬುವುದು. ದೋಸೆ ಹೊಯ್ದು ಮೂರು ಡಬ್ಬಿಗೆ ತುಂಬುವುದು. ಅಂಗಳ ಗುಡಿಸುವುದು. ಹಿಂದಿನ ದಿನ ನೆನೆಹಾಕಿದ ಕಡಲೆಯನ್ನು ಸೋಸಿ ಹದಿನಾರು ಹುಡುಗಿಯರಿಗೆ ಸಾಲುವಷ್ಟು ದೊಡ್ಡ ಡಬ್ಬಿಗೆ ತುಂಬಿ, ಹಾಕಿ ಚೆಂಡುಗಳ ಚೀಲದ ಪಕ್ಕದಲ್ಲಿಡುವುದು.

ಎರಡು ವರ್ಷಗಳಿಂದ ಈ ಪಟ್ಟಿಯಲ್ಲಿ ರಾಜೀವಿಯ ಪಾಲಿಗೆ ಉಳಿದಿರುವುದು ಒಂದೇ ಕೆಲಸ. ಇವೆಲ್ಲ ಆಗುತ್ತಿರುವ ಸದ್ದನ್ನು ಮಲಗಿದಲ್ಲಿಂದಲೇ ಕೇಳುವುದು.

ಮಾಡುವವಳು ಅಕ್ಷಿತಾ. ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ಪುತ್ತಿಗೆಯ ರಸ್ತೆಯಲ್ಲಿರುವ ಒಂದು ಸಣ್ಣ ಕಾಲೇಜಿನ ಹಾಕಿ ತಂಡದಲ್ಲಿ ಅವಳು ಸೆಂಟರ್ ಹಾಫ್. ಆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ, ತಂಡದ ಕೋಚ್, ಎರಡೂ ರಾಜೀವಿಯೇ.

ರಾಜೀವಿಗೆ ಈಗ ನಲವತ್ತೊಂಬತ್ತು. ಬಂಟ್ವಾಳದಲ್ಲಿ ಹುಟ್ಟಿ, ಮೂಡುಬಿದಿರೆಗೆ ಮದುವೆಯಾಗಿ ಬಂದವಳು. ಹುಡುಗಿಯಾಗಿದ್ದಾಗ ಒಳ್ಳೆಯ ಆಟಗಾರ್ತಿ. ರಾಜ್ಯ ತಂಡದ ಶಿಬಿರಕ್ಕೆ ಎರಡು ಸಲ ಕರೆ ಬಂದಿತ್ತು. ಎರಡು ಸಲವೂ ಅಪ್ಪ ಒಂದು ಮಾತು ಆಡದೆ ಕಳುಹಿಸಿಕೊಟ್ಟಿದ್ದರು. ಆ ತಿಂಗಳುಗಳಲ್ಲಿ ಅವಳ ಪಾಲಿನ ಹಟ್ಟಿ ಕೆಲಸ, ನೀರು ಸೇದುವುದು, ತಮ್ಮಂದಿರ ಬಟ್ಟೆ ಎಲ್ಲವನ್ನೂ ಅಮ್ಮ ಮಾಡಿದ್ದಳು ಎಂಬುದು ಅವಳಿಗೆ ಹೊಳೆದದ್ದು ಅಮ್ಮ ತೀರಿಕೊಂಡು ಬಹಳ ವರ್ಷಗಳ ಮೇಲೆ. ಆದ್ದರಿಂದ ತನ್ನನ್ನು ಯಾರೋ ಕಟ್ಟಿಹಾಕಿದ್ದರು ಎಂಬ ಕಥೆ ಅವಳ ಬಳಿ ಇಲ್ಲ. ಇದ್ದಿದ್ದರೆ ಮುಂದೆ ಮಾಡಿದ್ದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ಈ ಕಡೆ ಹಾಕಿಗೆ ಹುಡುಗಿಯರನ್ನು ಹುಡುಕುವುದು ಸುಲಭವಲ್ಲ. ಕೊಡಗಿನವರನ್ನು ದೊಡ್ಡ ಕಾಲೇಜುಗಳು ಮೊದಲೇ ಕರೆದುಕೊಳ್ಳುತ್ತವೆ. ಇಲ್ಲಿಯ ಒಳ್ಳೆಯ ಓಟಗಾರ್ತಿಯರು ಕಬಡ್ಡಿಗೆ ಹೋಗುತ್ತಾರೆ. ಕಬಡ್ಡಿಗೆ ಪೇಪರಿನಲ್ಲಿ ಫೋಟೋ ಬರುತ್ತದೆ. ರಾಜೀವಿ ಭಾನುವಾರಗಳಂದು ಬಸ್ಸು ಹಿಡಿದು ಅಳದಂಗಡಿ, ಕೊಕ್ಕಡ ಎಂದು ಬೆಳ್ತಂಗಡಿ ತಾಲೂಕಿನ ಶಾಲಾ ಮೈದಾನಗಳನ್ನು ಸುತ್ತುತ್ತಿದ್ದಳು. ಯಾರು ಗೋಲು ಹೊಡೆದರು ಎಂದು ಅವಳು ನೋಡುತ್ತಿರಲಿಲ್ಲ. ಬೆನ್ನು ನೋಡುತ್ತಿದ್ದಳು. ಇಡೀ ಆಟ ಬಗ್ಗಿಯೇ ಇರಬಲ್ಲ ಬೆನ್ನು ಸಾವಿರಕ್ಕೊಂದು.

ಕೊಕ್ಕಡದಲ್ಲಿ ಅಂಥದ್ದೊಂದು ಬೆನ್ನು ಕಂಡಿತು. ಯಾರೋ ಮಾಸ್ಟ್ರು ಎಲ್ಲಿಂದಲೋ ತಂದಿದ್ದ ಹಳೆಯ ಸ್ಟಿಕ್ಕುಗಳಲ್ಲಿ ಪಿಯುಸಿ ಹುಡುಗಿಯರು ಆಡುತ್ತಿದ್ದರು. ಅವರಲ್ಲೊಬ್ಬಳು ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ. ಮಣಿಕಟ್ಟಿನ ಒಂದು ಸಣ್ಣ ತಿರುವಿಗೆ ಚೆಂಡು ಹೇಳಿದಲ್ಲಿಗೆ ಹೋಗುತ್ತಿತ್ತು.

"ಎಲ್ಲಿ ಕಲಿತದ್ದು ಮಗಾ?"

"ಕಲಿಯಲಿಲ್ಲ ಮೇಡಂ. ನಾವು ಟ್ಯಾಪಿಂಗ್ ಮಾಡುವವರು."

ಅಮ್ಮ ವಾರಿಜಳ ಜೊತೆ ಆ ಹುಡುಗಿ ದಿನಾ ನಾಲ್ಕು ಗಂಟೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಬೇರೆಯವರ ರಬ್ಬರ್ ತೋಟಕ್ಕೆ ಹೋಗುತ್ತಿದ್ದಳು. ಮರದ ಬುಡದಲ್ಲಿ ಬಗ್ಗಿ, ಕತ್ತಿಯ ಒಂದೇ ಎಳೆತಕ್ಕೆ ತೊಗಟೆಯನ್ನು ತೆಳ್ಳಗೆ ಸೀಳಿ, ಮುಂದಿನ ಮರ. ರಾಜೀವಿ ಅದೇ ದಿನ ಅವರ ಮನೆಗೆ ಹೋದಳು. ವಾರಿಜ ಬೆಲ್ಲ, ನೀರು ಇಟ್ಟು, ಮಾತು ಕೇಳಿ, ನಕ್ಕುಬಿಟ್ಟಳು.

"ಇವಳು ಬಂದರೆ ನನ್ನ ಇನ್ನೂರು ಮರ ಯಾರು ಟ್ಯಾಪ್ ಮಾಡುವುದು ಮೇಡಂ? ನಿಮ್ಮ ಪ್ರಿನ್ಸಿಪಾಲರು ಬರ್ತಾರಾ?"

"ಮೂರು ವರ್ಷ ಕೊಡಿ ವಾರಿಜಕ್ಕ. ಆಟ, ಪಾಠ, ಊಟ. ಅಲ್ಲಿ ಇವಳಿಗೆ ಬೇರೆ ಒಂದು ಕೆಲಸ ಇಲ್ಲ. ಇಲ್ಲದ ಬಾಲೆದ ಲೆಕ್ಕ."

ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಮನೆಯ ಮಗುವಿನ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅವಳು ಹೇಳಿದ್ದು. ಮಕ್ಕಳನ್ನು ಬೇರೆಯವರ ಕೈಗೆ ಒಪ್ಪಿಸುವಾಗ ಈ ಕಡೆಯವರು ಕೇಳುವ ಮಾತು ಇದೊಂದೇ. ವಾರಿಜ ಮಗಳನ್ನು ಕಳುಹಿಸಿದಳು. ಇಂಥ ಮನೆಗಳಲ್ಲಿ ಹೆಣ್ಣುಮಗುವಿನ ತಲೆಯ ಮೇಲೆ ಎಷ್ಟು ಕೆಲಸ ಇರುತ್ತದೆಂಬುದು ಇಬ್ಬರು ಹೆಂಗಸರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

ಅಕ್ಷಿತಾ ಬಂದ ಎರಡೇ ತಿಂಗಳಿಗೆ ಆಡಳಿತ ಮಂಡಳಿ ಹಾಕಿಯ ಆರು ಉಚಿತ ಹಾಸ್ಟೆಲ್ ಸೀಟುಗಳಲ್ಲಿ ನಾಲ್ಕನ್ನು ಕಬಡ್ಡಿಗೆ ಕೊಟ್ಟಿತು. ಕಪ್ ತರದ ಆಟಕ್ಕೆ ಎರಡು ಸೀಟೇ ಹೆಚ್ಚು ಎಂದರು ಪ್ರಿನ್ಸಿಪಾಲರು. ಇಬ್ಬರು ಹುಡುಗಿಯರು ಊರಿಗೆ ವಾಪಸ್ ಹೋದರು, ಒಬ್ಬಳು ಬಂಧುಗಳ ಮನೆ ಸೇರಿದಳು. ಅಕ್ಷಿತಾಳನ್ನು ರಾಜೀವಿ ತನ್ನ ಮನೆಗೆ ಕರೆತಂದಳು. ಒಂದು ವಾರದ ಮಟ್ಟಿಗೆ ಎಂದುಕೊಂಡಿದ್ದಳು.

ಹುಡುಗಿಗೆ ನಾಲ್ಕು ಗಂಟೆಗೆ ಎಚ್ಚರವಾಗುವ ಅಭ್ಯಾಸ. ಎಚ್ಚರವಾದ ಮೇಲೆ ಸುಮ್ಮನೆ ಕುಳಿತುಕೊಳ್ಳಲು ಬರುವುದಿಲ್ಲ. ಮೊದಲ ದಿನ ಸಿಂಕಿನ ಪಾತ್ರೆ ತೊಳೆದಿಟ್ಟಿದ್ದಳು. "ಬೇಡ ಮಗಾ, ಇದೆಲ್ಲ ನಿನ್ನ ಕೆಲಸ ಅಲ್ಲ" ಎಂದಳು ರಾಜೀವಿ. ಎರಡನೆಯ ದಿನವೂ ಹೇಳಿದಳು. ಮೂರನೆಯ ದಿನವೂ ಹೇಳಿದಳು. ನಾಲ್ಕನೆಯ ದಿನ ತೊಳೆದ ಪಾತ್ರೆಗಳ ಪಕ್ಕದಲ್ಲಿ ಬಿಸಿ ಚಹಾ ಇತ್ತು. ಅವಳು ಅದನ್ನು ಕುಡಿದಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಆ ಮನೆಯಲ್ಲಿ ಬೇರೆಯವರು ಮಾಡಿಕೊಟ್ಟ ಬೆಳಗಿನ ಚಹಾ ಅವಳು ಕುಡಿದದ್ದು ಅದೇ ಮೊದಲು.

ಆಮೇಲೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಕರೆಸಿದ ಹೋಮ್ ನರ್ಸ್ ಹತ್ತೇ ದಿನಕ್ಕೆ ಹೊರಟುಹೋದಳು. ಅತ್ತೆಯ ಬಾಯಿಯನ್ನು ತಡೆದುಕೊಂಡದ್ದು ಅಕ್ಷಿತಾ ಒಬ್ಬಳೇ. ಭೋಜ ಹಾರ್ಡ್‌ವೇರ್ ಅಂಗಡಿಯಿಂದ ಬಂದು ಕೈಕಾಲು ತೊಳೆದು, "ಅಕ್ಷಿತಾ, ಅಮ್ಮನಿಗೆ ಊಟ ಆಯ್ತಾ?" ಎಂದು ಕೇಳತೊಡಗಿದ. ಹೆಂಡತಿಯನ್ನು ಕೇಳುವುದನ್ನು ಬಿಟ್ಟ. ಇಂಜಿನಿಯರಿಂಗ್ ಓದುವ ಮಗ ಅಶ್ವಿತ್ ಕೂಡ ಮನೆಯ ಮಗುವೇ. ಅವನು ಏಳುವುದು ಏಳೂವರೆಗೆ.

ಅತ್ತೆಗಂತೂ ಖುಷಿ. "ನಮ್ಮ ಕಾಲದಲ್ಲಿ ಕೆಲಸಕ್ಕೆ ಜನ ಬೇಕಾದರೆ ಇಷ್ಟು ಕಷ್ಟ ಇರಲಿಲ್ಲ ಮಾರಾಯ್ತಿ" ಎಂದಳು ಒಂದು ದಿನ. "ಈಗ ನೋಡು, ಕೈಗೆ ಕೋಲು ಕೊಟ್ಟು ಆಟ ಆಡಿಸಬೇಕು."

"ಮಾಮಿ, ಅವಳು ಕೆಲಸದವಳಲ್ಲ" ಎಂದಳು ರಾಜೀವಿ.

"ನಾನೆಂತ ಹೇಳಿದೆ ಈಗ? ಇಲ್ಲದ ಬಾಲೆ ಅಲ್ವಾ ಅವಳು?"

ಇದರಿಂದ ಲಾಭವಾದದ್ದು ತಂಡಕ್ಕೂ ಹೌದು. ರಾಜೀವಿ ಈಗ ಮೈದಾನಕ್ಕೆ ಅರ್ಧ ಗಂಟೆ ಮೊದಲೇ ಹೋಗುತ್ತಿದ್ದಳು. ಪೆನಾಲ್ಟಿ ಕಾರ್ನರ್‌ಗಳನ್ನು ಬಿಡಿಬಿಡಿಯಾಗಿ ಕಲಿಸಲು ಹೊತ್ತು ಸಿಕ್ಕಿತು. ತಂಡ ಮೊದಲ ಬಾರಿಗೆ ರನ್ನರ್ಸ್ ಅಪ್ ಆಯಿತು. ಮಹಿಳಾ ದಿನಾಚರಣೆಗೆ ಪೇಪರಿನವರು ಬಂದು, ಮನೆ, ಮೈದಾನ ಎರಡನ್ನೂ ಹೇಗೆ ಸುಧಾರಿಸುತ್ತೀರಿ ಎಂದು ಕೇಳಿದರು. "ಟೈಮ್ ಮ್ಯಾನೇಜ್‌ಮೆಂಟ್" ಎಂದಳು ರಾಜೀವಿ. ಬಂದವರಿಗೆ ಲಿಂಬೆ ಶರಬತ್ತು ತಂದುಕೊಟ್ಟದ್ದು ಅಕ್ಷಿತಾ.

ಅರ್ಧ ಗಂಟೆ ತಡವಾಗಿ ಬರುವವಳೂ ಅವಳೇ. ತಡವಾದರೆ ಮೈದಾನಕ್ಕೆ ಐದು ಸುತ್ತು ಎಂಬುದು ತಂಡದ ನಿಯಮ. ಒಬ್ಬಳಿಗೆ ಬಿಟ್ಟರೆ ಉಳಿದವರು ಕೇಳುತ್ತಾರೆಂದು ರಾಜೀವಿ ಅವಳನ್ನೂ ಓಡಿಸಿದಳು. ಅಕ್ಷಿತಾ ಚೀಲ ಇಟ್ಟು ಓಡುತ್ತಿದ್ದಳು. ಸಹಿಸದವಳು ಗದಗಿನಿಂದ ಬಂದ ಗೋಲ್‌ಕೀಪರ್ ಚನ್ನಮ್ಮ.

"ಮನ್ಯಾಗ ಕೆಲಸಾನೂ ನೀವ ಹಚ್ತೀರಿ, ಲೇಟಾದ್ರ ರೌಂಡೂ ನೀವ ಹೊಡಸ್ತೀರಿ. ಇದ್ಯಾವ ನ್ಯಾಯ ರೀ ಮೇಡಂ?"

"ಬಾಯಿ ಮುಚ್ಚು, ಪ್ಯಾಡ್ ಕಟ್ಟು. ಅವಳು ನಮ್ಮಲ್ಲಿ ಇಲ್ಲದ ಬಾಲೆ. ನಿನಗೆ ಗೊತ್ತಾಗುವುದಿಲ್ಲ."

ಚನ್ನಮ್ಮನಿಗೆ ತುಳು ಬಾರದು. ಪ್ಯಾಡಿನ ಪಟ್ಟಿ ಎಳೆಯುತ್ತ ಅವಳು ಅಕ್ಷಿತಾಳನ್ನು ಕೇಳಿದ್ದು ರಾಜೀವಿಯ ಕಿವಿಗೆ ಬಿತ್ತು. "ಇಲ್ಲದ ಬಾಲಿ ಅಂದ್ರ ಏನಲೇ? ಇಲ್ಲದಾಕಿ ಹೆಂಗ ಮಗಳ ಆಗ್ತಾಳ?"

ಹುಡುಗಿಯರೆಲ್ಲ ನಕ್ಕರು. ಅಕ್ಷಿತಾಳೂ ನಕ್ಕಳು. ಆ ವರ್ಷದ ಹಾಸ್ಟೆಲ್ ಪಟ್ಟಿಯಲ್ಲಿ ಅಕ್ಷಿತಾಳ ಹೆಸರು ಇರಲಿಲ್ಲ. ಮನೆಯ ರೇಷನ್ ಕಾರ್ಡಿನಲ್ಲೂ ಇರಲಿಲ್ಲ. ಪೇಪರಿನಲ್ಲಿ ಬಂದ ಫೋಟೋದಲ್ಲಿ ಶರಬತ್ತಿನ ಲೋಟ ಮಾತ್ರ ಕಾಣುತ್ತಿತ್ತು. ರಾಜೀವಿ ಸೀಟಿ ಊದಿ ಆಟ ಶುರು ಮಾಡಿಸಿದಳು.

ಇಷ್ಟಾಗಿಯೂ ರಾಜೀವಿ ಮಾಡಿದ ತಪ್ಪು ಇದ್ಯಾವುದೂ ಅಲ್ಲ. ಇಂಥ ತಪ್ಪುಗಳನ್ನು ನೆರೆಕರೆಯ ಹತ್ತು ಮನೆಗಳಲ್ಲಿ ಒಳ್ಳೆಯತನ ಎಂದೇ ಕರೆಯುತ್ತಾರೆ. ಅವಳು ಮಾಡಿದ್ದು ಕಳೆದ ವರ್ಷ, ನವೆಂಬರಿನಲ್ಲಿ. ವಿಶ್ವವಿದ್ಯಾನಿಲಯ ತಂಡದ ಶಿಬಿರಕ್ಕೆ ಅಕ್ಷಿತಾ ಆಯ್ಕೆಯಾಗಿದ್ದಳು. ಮೂರು ವಾರ ಶಿಬಿರ, ಅದಾದ ಮೇಲೆ ಪಂದ್ಯಗಳಿಗೆ ತಮಿಳುನಾಡು. ಆ ವರ್ಷ ಹೆಸರುಗಳನ್ನು ಮೈದಾನದಲ್ಲಿ ಓದಿರಲಿಲ್ಲ, ಪತ್ರ ಬಂದದ್ದು ಕೋಚ್‌ನ ಹೆಸರಿಗೆ. ಅದೇ ವಾರ ಅತ್ತೆಯ ಬೆನ್ನಿನಲ್ಲಿ ಹುಣ್ಣು ಎದ್ದಿತ್ತು. ರಾಜೀವಿ ಪತ್ರವನ್ನು ಎರಡು ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಿದಳು. ಮೂರನೆಯ ದಿನ ಉತ್ತರ ಬರೆದಳು: ಆಟಗಾರ್ತಿಯ ಬಲ ಮೊಣಕಾಲಿಗೆ ಗಾಯವಾಗಿದೆ, ಈ ಬಾರಿ ಕಳುಹಿಸಲಾಗುತ್ತಿಲ್ಲ.

"ಈ ಸಲ ನಿನ್ನ ಹೆಸರು ಬರಲಿಲ್ಲ ಮಗಾ" ಎಂದಳು ಮನೆಯಲ್ಲಿ. ಅಕ್ಷಿತಾ ಅನ್ನ ಬಸಿಯುತ್ತಿದ್ದಳು. "ಅಡ್ಡಿಲ್ಲ ಮೇಡಂ. ಮುಂದಿನ ವರ್ಷ ಉಂಟಲ್ಲ."

ಆ ಮುಂದಿನ ವರ್ಷ ಬಂತು. ಮೊನ್ನೆ ಶನಿವಾರ ಬಂಟ್ವಾಳದಲ್ಲಿ ಅಂತರ ಕಾಲೇಜು ಪಂದ್ಯಾಟ ಮುಗಿಯಿತು. ತಂಡ ಸೆಮಿಫೈನಲಿನಲ್ಲಿ ಸೋತಿತು. ಆದರೆ ಅಕ್ಷಿತಾಳ ಆಟ ನೋಡಲು ಬೇರೆ ಕಾಲೇಜಿನ ಹುಡುಗರೂ ಗೆರೆಯ ಬಳಿಗೆ ಬಂದು ನಿಂತಿದ್ದರು. ಆಯ್ಕೆ ಸಮಿತಿಯ ಅಬ್ದುಲ್ ಸಮದ್ ನಿವೃತ್ತ ಪಿ.ಟಿ. ಮಾಸ್ಟ್ರು, ಬಂಟ್ವಾಳದವರೇ, ರಾಜೀವಿ ಹುಡುಗಿಯಾಗಿ ಆಡಿದ್ದನ್ನು ನೋಡಿದವರು. ಶಿಬಿರಕ್ಕೆ ಆಯ್ಕೆಯಾದವರ ಹೆಸರುಗಳನ್ನು ಓದಿ, ಅಕ್ಷಿತಾಳ ಫಾರಂ ಹಿಡಿದುಕೊಂಡು ನೇರ ಇವರ ಬಳಿಗೆ ಬಂದರು.

"ಎಂತ ಆಟ ಮಾರಾಯ್ತಿ ನಿಂದು! ಮೊಣಕಾಲು ಹೇಗುಂಟು ಈಗ?"

ಅಕ್ಷಿತಾ ಅವರ ಮುಖ ನೋಡಿದಳು. "ಯಾವ ಮೊಣಕಾಲು ಸರ್?"

"ಕಳೆದ ವರ್ಷ ಗಾಯ ಆಗಿ ಶಿಬಿರಕ್ಕೆ ಬರ್ಲಿಲ್ಲ ಅಲ್ವಾ? ಬಲಗಾಲು."

ಸುತ್ತ ಹದಿನೈದು ಹುಡುಗಿಯರು ಶೂ ಬಿಚ್ಚುತ್ತಿದ್ದರು. ಚನ್ನಮ್ಮ ತಲೆ ಎತ್ತಿದಳು. ಅಕ್ಷಿತಾ ರಾಜೀವಿಯತ್ತ ಒಮ್ಮೆ ನೋಡಿದಳು. ದಿಟ್ಟಿಸಲಿಲ್ಲ. ಆಮೇಲೆ ಬಲ ಮೊಣಕಾಲನ್ನು ಕೈಯಿಂದ ಮುಟ್ಟಿ, "ಹೋ, ಅದಾ? ಈಗ ಸರಿ ಉಂಟು ಸರ್. ಮೇಡಂ ಎಣ್ಣೆ ಹಾಕಿ ತಿಕ್ಕಿದರು" ಎಂದಳು.

ಸಮದ್ ಫಾರಂ ಅನ್ನು ರಾಜೀವಿಗೆ ಕೊಟ್ಟರು. "ಹಳೆಯ ಗಾಯ ದಾಖಲೆಯಲ್ಲಿ ಉಂಟು ಮೇಡಂ. ಹಾಗಾಗಿ ಮೂಳೆ ಡಾಕ್ಟರರ ಸರ್ಟಿಫಿಕೇಟ್ ಬೇಕು, ಕಳೆದ ವರ್ಷದ ಸ್ಕ್ಯಾನಿಂಗ್ ರಿಪೋರ್ಟಿನೊಟ್ಟಿಗೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ನನ್ನ ಕೈಯಲ್ಲಿರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವಳನ್ನು ಹಾಕ್ತಾರೆ. ಇವಳಿಗೆ ಇದೇ ಕೊನೆಯ ವರ್ಷ ಅಲ್ವಾ?"

ಆಗದ ಗಾಯಕ್ಕೆ ಸ್ಕ್ಯಾನಿಂಗ್ ಎಲ್ಲಿಂದ ತರುವುದು? ಬಸ್ಸು ಸಿದ್ಧಕಟ್ಟೆ ದಾಟುವಾಗ ರಾಜೀವಿಗೆ ಇನ್ನೊಂದು ಸಂಗತಿ ಹೊಳೆಯಿತು. ಈ ಸಲ ಅವಳು ಸುಳ್ಳು ಬರೆಯಬೇಕಾಗಿಯೂ ಇಲ್ಲ. ಸೋಮವಾರ ಹತ್ತು ಗಂಟೆಯವರೆಗೆ ಏನೂ ಮಾಡದೆ ಇದ್ದರೆ ಸಾಕು. ಹಳೆಯ ಸುಳ್ಳು ತಾನೇ ಕೆಲಸ ಮುಗಿಸುತ್ತದೆ. ಅಕ್ಷಿತಾ ಎರಡು ಸೀಟು ಮುಂದೆ ಕಿಟಕಿಗೆ ತಲೆ ಆನಿಸಿಕೊಂಡು ಕುಳಿತಿದ್ದಳು. ಮನೆಗೆ ಬಂದು ಬಟ್ಟೆ ಬದಲಿಸಿ, ಅತ್ತೆಯ ಗಂಜಿಗೆ ನೀರಿಟ್ಟಳು. ಏನೂ ಕೇಳಲಿಲ್ಲ. ಕೇಳಿದ್ದರೆ ರಾಜೀವಿ ಅತ್ತಾದರೂ ಬಿಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ವಾರಿಜಳ ಫೋನು ಬಂತು.

"ಮೇಡಂ, ನಮ್ಮ ಸಣ್ಣವಳು ಪ್ರಾಪ್ತಿ ಈ ವರ್ಷ ಪಿಯುಸಿ ಮುಗಿಸ್ತಾಳೆ. ಅಕ್ಕನಷ್ಟು ಆಗ್ಲಿಕ್ಕಿಲ್ಲ, ಆದ್ರೂ ಆಡ್ತಾಳೆ. ಜೂನಿಗೆ ಇವಳು ಅಲ್ಲಿಂದ ಹೊರಡುವಾಗ ಅವಳನ್ನು ನಿಮ್ಮಲ್ಲಿಗೇ ಕಳಿಸುವ ಅಂತ."

"ವಾರಿಜಕ್ಕ, ಹಾಸ್ಟೆಲ್ ಸೀಟು..."

"ಹಾಸ್ಟೆಲ್ ಎಂತಕ್ಕೆ? ಅಕ್ಷಿತಾ ಹೇಳ್ತಾಳೆ, ಮೇಡಂ ಮನೆಯಲ್ಲಿ ನನಗೆ ಒಂದು ಕಡ್ಡಿ ಎತ್ತಿಡ್ಲಿಕ್ಕೆ ಬಿಡುವುದಿಲ್ಲ ಅಂತ. ನಾನು ಬೈದೆ, ಏನಾದ್ರೂ ಕೈಗೂಡಿಸು ಮಾರಾಯ್ತಿ, ನಾಚಿಕೆ ಆಗುವುದಿಲ್ವಾ ಅಂತ." ವಾರಿಜ ನಕ್ಕಳು. "ನೀವು ಮಾತು ಉಳಿಸಿಕೊಂಡ್ರಿ ಮೇಡಂ. ಇಲ್ಲದ ಬಾಲೆದ ಲೆಕ್ಕವೇ ನೋಡಿಕೊಂಡ್ರಿ."

ಆಮೇಲೆ ಹೇಳುತ್ತೇನೆ ಎಂದು ರಾಜೀವಿ ಫೋನು ಇಟ್ಟಳು. ಊಟಕ್ಕೆ ಕುಳಿತಿದ್ದ ಭೋಜ ಎಲ್ಲ ಕೇಳಿಸಿಕೊಂಡಿದ್ದ.

"ಒಳ್ಳೆದಾಯ್ತಲ್ಲ. ಪ್ರಿನ್ಸಿಪಾಲರು ಬರುವ ವರ್ಷಕ್ಕೆ ಹೊಸ ಹುಡುಗಿಯರು ಬೇಕು ಅಂತ ಹೇಳ್ತಿದ್ರು ಅಂದೆಯಲ್ಲ. ಅಮ್ಮನಿಗೂ ಒಂದು ವ್ಯವಸ್ಥೆ ಆಯ್ತು."

"ಅಮ್ಮನಿಗೆ ವ್ಯವಸ್ಥೆ ಮಾಡ್ಲಿಕ್ಕೆ ನಾನು ಆಟಗಾರರನ್ನು ತರುವುದಾ?"

"ನೀನೇ ಅಲ್ವಾ ತಂದದ್ದು? ನಾನು ತಂದೆನಾ?" ಭೋಜನ ದನಿಯಲ್ಲಿ ಕೋಪ ಇರಲಿಲ್ಲ. "ಅಕ್ಷಿತಾ, ಸ್ವಲ್ಪ ಸಾರು ಕೊಡು ಮಗಾ."

ಅಕ್ಷಿತಾ ಸಾರು ತಂದಳು. ರಾಜೀವಿ ಅವಳ ಕೈ ನೋಡಿದಳು. ಸ್ಟಿಕ್ಕಿನಿಂದಾದ ಜಡ್ಡು ಅಂಗೈಯಲ್ಲಿತ್ತು. ಬೆರಳ ತುದಿಗಳಲ್ಲಿ ಸೋಪಿನ ಪುಡಿಗೆ ಚರ್ಮ ಸುಲಿದಿತ್ತು.

ಸೋಮವಾರ ರಾಜೀವಿ ಮೂರು ಗಂಟೆಗೇ ಎದ್ದಳು. ಅತ್ತೆಯ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅಕ್ಷಿತಾ ನಿದ್ದೆಯಲ್ಲಿದ್ದಳು. ಅವಳಿಗೆ ಎಚ್ಚರವಾಗಲು ಇನ್ನೂ ಒಂದು ಗಂಟೆ ಇತ್ತು. ರಾಜೀವಿ ಮೆಲ್ಲಗೆ ಅವಳ ಬಾಗಿಲು ಎಳೆದು, ಅಡಿಗೆ ಮನೆಯ ಲೈಟು ಹಾಕಿದಳು.

ಅಕ್ಕಿಯ ಡಬ್ಬ ಇದ್ದಲ್ಲಿ ಇರಲಿಲ್ಲ. ಸಿಂಕಿನ ಕೆಳಗೆ ಹುಡುಕಿ, ಕೊನೆಗೆ ಕಿಟಕಿಯ ಬಳಿ ಸಿಕ್ಕಿತು. ಉಪ್ಪು ಎಲ್ಲಿದೆ? ಸೌಟು ಎಲ್ಲಿದೆ? ತಾನು ಇಪ್ಪತ್ತನಾಲ್ಕು ವರ್ಷ ಇಟ್ಟ ಸಾಮಾನುಗಳೆಲ್ಲ ಬೇರೆ ಕೈಯೊಂದರ ಅಳತೆಗೆ ಜರುಗಿದ್ದವು. ಬಚ್ಚಲಿನ ಒಲೆ ಮೂರು ಸಲ ಊದಿದ ಮೇಲೆ ಹೊತ್ತಿತು. ಅತ್ತೆಯ ಕೋಣೆಗೆ ಹೋಗಿ ಅವಳ ಭುಜ ಹಿಡಿದಾಗ ಮುದುಕಿ ಬೆಚ್ಚಿಬಿದ್ದಳು.

"ಯಾರು? ಅಕ್ಷಿತಾ ಎಲ್ಲಿ?"

"ನಾನು ಮಾಮಿ. ಅವಳು ಮಲಗಲಿ."

"ನಿನ್ನ ಕೈ ಎಷ್ಟು ತಣ್ಣಗೆ ಉಂಟು! ಅವಳು ಕೈ ಬಿಸಿ ಮಾಡಿಕೊಂಡು ಬರ್ತಾಳೆ."

ರಾಜೀವಿ ಒಲೆಯ ಬಳಿಗೆ ಹೋಗಿ ಕೈ ಕಾಯಿಸಿಕೊಂಡು ಬಂದಳು. ಮಗ್ಗುಲು ಬದಲಿಸುವಷ್ಟರಲ್ಲಿ ಅವಳ ಸೊಂಟ ಹಿಡಿದುಕೊಂಡಿತು. ಮೂರು ವಾರ ಶಿಬಿರ, ಹತ್ತು ದಿನ ಪಂದ್ಯ. ಆಮೇಲೆ ಹುಡುಗಿ ಬಂದರೂ ಈ ಕೆಲಸಕ್ಕೆ ಬರುವುದಿಲ್ಲ. ಒಂದು ದಿನವಲ್ಲ ಒಂದು ದಿನ ಭೋಜನನ್ನು ಕರೆದು, ನಿನ್ನ ಅಮ್ಮನ ಆ ಕಡೆ ನೀನು ಹಿಡಿ ಎಂದು ಹೇಳಬೇಕಾಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಿಂದ ಬಾರದ ಮಾತು ಅದು. ಅದನ್ನು ಆಡುವುದಕ್ಕಿಂತ ಇನ್ನೊಬ್ಬಳ ಮಗಳ ಮೊಣಕಾಲು ಮುರಿದು ಬರೆಯುವುದು ಅವಳಿಗೆ ಸುಲಭವಾಗಿತ್ತು.

ಅನ್ನ ಕುದಿಯುತ್ತಿತ್ತು. ರಾಜೀವಿ ಅಡಿಗೆ ಮನೆಯ ಮೇಜಿನ ಮೇಲೆ ಫಾರಂ ಹರಡಿದಳು. ಹೆಸರು, ಹುಟ್ಟಿದ ದಿನ, ತರಗತಿ ಎಲ್ಲ ತುಂಬಿದಳು. ಕೆಳಗೆ ಒಂದು ಕಾಲಂ: ಹಿಂದಿನ ಗಾಯಗಳ ವಿವರ. ಗುಣವಾಗಿದೆ ಎಂದು ಬರೆದರೆ ಸರ್ಟಿಫಿಕೇಟ್ ಬೇಕು. ಖಾಲಿ ಬಿಟ್ಟರೆ ಫಾರಂ ವಾಪಸ್ ಬರುತ್ತದೆ. ನಿಜವನ್ನು ಬರೆದರೆ ಸಮಿತಿ ತನ್ನನ್ನು ಕರೆದು ಕೇಳುತ್ತದೆ. ಪ್ರಿನ್ಸಿಪಾಲರಿಗೆ ತಿಳಿಯುತ್ತದೆ, ಕೊಕ್ಕಡಕ್ಕೂ ತಿಳಿಯುತ್ತದೆ. ಇಪ್ಪತ್ತೊಂದು ವರ್ಷ ಕತ್ತಿನಲ್ಲಿದ್ದ ಸೀಟಿಯನ್ನು ಬಿಚ್ಚಿಡಬೇಕಾಗಬಹುದು.

ಅಕ್ಷಿತಾಳನ್ನು ಎಬ್ಬಿಸಿ ಕೇಳಬಹುದಿತ್ತು. ಕೇಳಿದರೆ ಅವಳು ಏನು ಹೇಳುತ್ತಾಳೆಂದು ರಾಜೀವಿಗೆ ಗೊತ್ತಿತ್ತು. ಅಡ್ಡಿಲ್ಲ ಮೇಡಂ ಎನ್ನುತ್ತಾಳೆ. ಆ ಮಾತನ್ನು ಅವಳಿಂದ ಇನ್ನೊಂದು ಸಲ ಹೇಳಿಸಲು ಮನಸ್ಸು ಬರಲಿಲ್ಲ.

ಪೆನ್ನು ತೆಗೆದು ಬರೆದಳು. "ಈ ಆಟಗಾರ್ತಿಗೆ ಯಾವ ಗಾಯವೂ ಆಗಿರಲಿಲ್ಲ. ಕಳೆದ ವರ್ಷ ನಾನು ಬರೆದ ಪತ್ರ ಸುಳ್ಳು. ನನ್ನ ಮನೆಯ ಕೆಲಸಕ್ಕೆ ಅವಳು ಬೇಕಾಗಿದ್ದಳು." ಕೊನೆಯ ಸಾಲನ್ನು ಓದಿ, ಅದರ ಮೇಲೆ ಪೆನ್ನು ಇಟ್ಟು, ಹೊಡೆದುಹಾಕದೆ ಕೆಳಗೆ ಸಹಿ ಮಾಡಿದಳು.

ಹತ್ತು ಗಂಟೆಗೆ ಇನ್ನೂ ಆರು ಗಂಟೆ ಇತ್ತು. ಮನೆ ಎದ್ದ ಮೇಲೆ ಭೋಜ ಚಹಾ ಕೇಳುತ್ತಾನೆ, ಅತ್ತೆ ಅಕ್ಷಿತಾಳನ್ನು ಕರೆಯುತ್ತಾಳೆ, ಬೆಳಕಿನಲ್ಲಿ ಈ ಮೂರು ಸಾಲು ಬೇರೆಯಾಗಿ ಕಾಣುತ್ತವೆ. ರಾಜೀವಿಗೆ ತನ್ನ ಮೇಲೆ ಅಷ್ಟು ಹೊತ್ತಿನ ನಂಬಿಕೆ ಇರಲಿಲ್ಲ. ಅವಳು ಫೋನು ತೆಗೆದು ಫಾರಂನ ಫೋಟೋ ಹಿಡಿದಳು. ಅಕ್ಷರ ಓದಲು ಬರುತ್ತದೆಯೇ ಎಂದು ದೊಡ್ಡದು ಮಾಡಿ ನೋಡಿದಳು. ಸಣ್ಣ ಕೋಣೆಯ ಕಡೆಯಿಂದ ಮಂಚ ಕಿರ್ರೆಂದ ಸದ್ದು ಕೇಳಿತು. ಬಾಗಿಲು ತೆರೆಯುವ ಮೊದಲೇ ರಾಜೀವಿ ಅದನ್ನು ಅಬ್ದುಲ್ ಸಮದರಿಗೆ ಕಳುಹಿಸಿದಳು.